ನಿಮಗಿದು ಗೊತ್ತೆ? ಕಂಪ್ಯೂಟರಿನ ಖಾಲಿ ಗೂಡು

ಡೆಸ್ಕ್‌ಟಾಪ್ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ (ನಾವೆಲ್ಲ ತಪ್ಪಾಗಿ ‘ಸಿಪಿಯು’ ಎನ್ನುವುದು ಇದನ್ನೇ) ಸಿ.ಡಿ. ಡ್ರೈವ್ ಕೂರುವ ಗೂಡಿಗೆ ‘ಐದೂಕಾಲು ಇಂಚಿನ ಬೇ’ ಎಂದು ಹೆಸರು. ಅಳೆದರೆ ಅಗಲ ಐದೂಮುಕ್ಕಾಲು ಇಂಚು! ಹೆಸರು ಬಂದದ್ದು ಗೂಡಿನಿಂದಲ್ಲ, ಫ್ಲಾಪಿಯಿಂದ. ಅಮೆರಿಕದ ಶುಗಾರ್ಟ್ ಕಂಪನಿ 1976ರಲ್ಲಿ ತಂದ ಡ್ರೈವಿಗೆ ತೂರಿಸುತ್ತಿದ್ದ ಫ್ಲಾಪಿ ಐದೂಕಾಲು ಇಂಚಿನದು. ಆ ಡ್ರೈವ್ ಈಗಿನ ಎರಡು ಗೂಡುಗಳಷ್ಟು ಎತ್ತರವಿತ್ತು. ಆಮೇಲೆ ಎತ್ತರ ಅರ್ಧಕ್ಕಿಳಿಯಿತು, ಅಗಲ ಮಾತ್ರ ಹಾಗೇ ಉಳಿಯಿತು.

ಸಿ.ಡಿ. ಹೋದ ಮೇಲೆ ಗೂಡು ಖಾಲಿ. ಹಾಗೆಂದು ದಂಡವಲ್ಲ. ಒಂದು ಜೋಡಣೆ ಚೌಕಟ್ಟು ತಂದರೆ ಮೂರೂವರೆ ಇಂಚಿನ ಹಾರ್ಡ್ ಡಿಸ್ಕ್ ಅಲ್ಲಿ ಕೂರುತ್ತದೆ. ಕಾರ್ಡ್ ರೀಡರ್, ಯುಎಸ್‌ಬಿ ಕಿಂಡಿಗಳು, ಫ್ಯಾನಿನ ವೇಗ ಹೊಂದಿಸುವ ಗುಂಡಿಗಳೂ ಇದೇ ಅಳತೆಯಲ್ಲಿ ಬಂದಿವೆ. ಸ್ಕ್ರೂ, ಪೆನ್‌ಡ್ರೈವ್ ಹಾಕಿಡಲು ಪುಟ್ಟ ಡ್ರಾಯರ್ ಕೂಡ! ಒಂದರ ಮೇಲೊಂದು ಮೂರು ಗೂಡು ಖಾಲಿಯಿದ್ದರೆ ಎತ್ತರ ಸುಮಾರು 124 ಮಿಲಿಮೀಟರ್, 120 ಮಿ.ಮೀ. ಫ್ಯಾನಿಗೆ ಅಳೆದಿಟ್ಟಂಥ ಜಾಗ.

ಏನೂ ಹಾಕದಿದ್ದರೆ ಮುಂದಿನ ಮುಚ್ಚಳವನ್ನಾದರೂ ಹಾಕಿಡಿ. ಇಲ್ಲವಾದರೆ ದೂಳು ಸೇರುತ್ತದೆ. ಬೆಚ್ಚಗಿನ ಜಾಗವೆಂದು ಜಿರಳೆಯೂ ಸಂಸಾರ ಹೂಡುತ್ತದೆ.