ಕೆರೆಗೆ ನೀರು ಯಾವಾಗ? ಲೆಕ್ಕ ಸಿಗೋದು ಎಲ್ಲಿ?

ಶಿಕಾರಿಪುರದ ರೈತರ ಪ್ರಶ್ನೆ: ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿಯಿಂದ ಊರ ಕೆರೆ ತುಂಬುತ್ತಾ? ಸೊರಬದವರದ್ದೂ ಅದೇ ಪ್ರಶ್ನೆ, ಯೋಜನೆಯ ಹೆಸರು ಮಾತ್ರ ಮೂಡಿ.

ಉತ್ತರ ಕೊಡಬೇಕಾದವರು ಶಾಸಕರು. 2023ರಲ್ಲಿ ಶಿಕಾರಿಪುರದಿಂದ ಬಿ.ವೈ. ವಿಜಯೇಂದ್ರ ಗೆದ್ದರು, ಸೊರಬದಿಂದ ಮಧು ಬಂಗಾರಪ್ಪ. ಪಕ್ಷ ಬೇರೆ ಬೇರೆ.

ಗುದ್ದಲಿ ಪೂಜೆಯ ಫೋಟೊ ಫೇಸ್‌ಬುಕ್ಕಲ್ಲಿ ಸಿಗುತ್ತೆ. ಲೆಕ್ಕ ಸಿಗೋದು ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯಲ್ಲಿ. ಅಲ್ಲಿ ಶಾಸಕರದ್ದೇ ಅಧ್ಯಕ್ಷತೆ. ಎದುರಿಗೆ ಕೂತ ಅಧಿಕಾರಿಗಳು ಇಲಾಖೆವಾರು ಪ್ರಗತಿ ವರದಿ ಒಪ್ಪಿಸಬೇಕು.

ಇನ್ನು ಶಾಸಕರ ಪ್ರದೇಶಾಭಿವೃದ್ಧಿ ನಿಧಿ: ವರ್ಷಕ್ಕೆ 2 ಕೋಟಿ ರೂಪಾಯಿ. ಯಾವ ರಸ್ತೆಗೆ, ಯಾವ ಸಮುದಾಯ ಭವನಕ್ಕೆ ಹೋಯಿತು?

ಯಾರೂ ಹೇಳದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ.