ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ: ಮನೆಗಳ ಆಯ್ಕೆ, ಮಾಹಿತಿ ಸಂಗ್ರಹಣೆ ಮತ್ತು ಸದಸ್ಯರ ಪಾತ್ರ

ಸಮೀಕ್ಷಾ ತಂಡವು ಗ್ರಾಮಕ್ಕೆ ಬಂದಾಗ ಸಾರ್ವಜನಿಕರು ಮೊದಲು ವಿಚಾರಿಸುವುದು ತಮ್ಮ ವಾರ್ಡಿನ ಸದಸ್ಯರನ್ನು. “ನಮ್ಮ ಮನೆಯೇ ಏಕೆ? ರಕ್ತ ಏಕೆ ಕೊಡಬೇಕು? ರೇಷನ್ ಕಾರ್ಡ್ ರದ್ದಾಗುವುದೇ?” ಎಂಬ ಪ್ರಶ್ನೆಗಳು ಸಹಜವಾದವು. ಇವುಗಳಿಗೆ ಸರಿಯಾದ ಉತ್ತರ ದೊರೆಯದಿದ್ದಲ್ಲಿ ಬಾಗಿಲುಗಳು ಮುಚ್ಚುತ್ತವೆ. ಜಿಲ್ಲೆಯ ಅಂಕಿ-ಅಂಶಗಳು ದಾರಿ ತಪ್ಪುತ್ತವೆ. ಆದ್ದರಿಂದ ಸಮೀಕ್ಷೆಯ ವಿಧಾನವನ್ನು ಸದಸ್ಯರು ಅರಿತಿರುವುದು ಅವಶ್ಯಕ.

1. ಸಮೀಕ್ಷೆಯ ಹಿನ್ನೆಲೆ

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಪರವಾಗಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಈ ಸಮೀಕ್ಷೆಯನ್ನು ನಿರ್ವಹಿಸುತ್ತದೆ. ಮೊದಲ ಸುತ್ತು 1992-93ರಲ್ಲಿ ನಡೆಯಿತು. 2015-16ರ 4ನೇ ಸುತ್ತಿನಿಂದ ಜಿಲ್ಲಾವಾರು ಅಂದಾಜುಗಳೂ ಲಭ್ಯವಾಗುತ್ತಿವೆ. 2019-21ರ 5ನೇ ಸುತ್ತಿನಲ್ಲಿ ದೇಶದ 707 ಜಿಲ್ಲೆಗಳ 6,36,699 ಕುಟುಂಬಗಳಿಂದ ಮಾಹಿತಿ ಪಡೆಯಲಾಯಿತು. ಕರ್ನಾಟಕದ ಪಾಲು 26,574 ಕುಟುಂಬಗಳು.

ಆಸ್ಪತ್ರೆಯ ದಾಖಲೆಗಳಿರುವಾಗ ಸಮೀಕ್ಷೆ ಏಕೆಂದು ಕೇಳಬಹುದು. ದಾಖಲೆ ಪುಸ್ತಕದಲ್ಲಿ ಇರುವುದು ಆಸ್ಪತ್ರೆಗೆ ಬಂದವರ ಲೆಕ್ಕ ಮಾತ್ರ. ಬಾರದೆ ಉಳಿದವರ ಸ್ಥಿತಿ ತಿಳಿಯಬೇಕಾದರೆ ಅವರ ಮನೆಗೇ ಹೋಗಬೇಕು.

2. ಮನೆಗಳ ಆಯ್ಕೆ

ಜನಗಣತಿಯಂತೆ ಇಲ್ಲಿ ಪ್ರತಿ ಮನೆಯನ್ನೂ ಎಣಿಸುವುದಿಲ್ಲ. 5ನೇ ಸುತ್ತಿನಲ್ಲಿ 2011ರ ಜನಗಣತಿಯ ಗ್ರಾಮಗಳ ಪಟ್ಟಿಯಿಂದ ಮೊದಲು ಗ್ರಾಮಗಳನ್ನು ಆರಿಸಲಾಯಿತು. ಬಳಿಕ ತಂಡವು ಆಯ್ಕೆಯಾದ ಗ್ರಾಮದ ನಕ್ಷೆ ಬರೆದು, ಎಲ್ಲ ಮನೆಗಳ ಪಟ್ಟಿ ತಯಾರಿಸಿ, ಸಮಾನ ಅಂತರದಲ್ಲಿ 22 ಮನೆಗಳನ್ನು ಗುರುತಿಸಿತು. ಉದಾಹರಣೆಗೆ, ಪಟ್ಟಿಯಲ್ಲಿ 242 ಮನೆಗಳಿದ್ದರೆ ಪ್ರತಿ 11ನೆಯ ಮನೆ ಆಯ್ಕೆಯಾಗುತ್ತದೆ. ಇದರಲ್ಲಿ ಜಾತಿ, ಪಕ್ಷ, ಅನುಕೂಲಸ್ಥಿಕೆಗಳ ಪರಿಗಣನೆ ಇರುವುದಿಲ್ಲ.

2011ರ ಜನಗಣತಿಯಂತೆ ರಾಜ್ಯದಲ್ಲಿದ್ದ ಕುಟುಂಬಗಳು ಸುಮಾರು 1.32 ಕೋಟಿ. ಅಂದರೆ ಸರಾಸರಿ ಒಂದು ಮನೆಯು ಸುಮಾರು 500 ಮನೆಗಳ ಪರವಾಗಿ ಉತ್ತರಿಸಿದಂತಾಗುತ್ತದೆ.

ಆಯ್ಕೆಯಾದ ಮನೆಯ ಬದಲಿಗೆ ಪಕ್ಕದ ಮನೆಯನ್ನು ತೋರಿಸುವಂತಿಲ್ಲ. ಕಾಂಕ್ರೀಟ್ ರಸ್ತೆಯ ಗುಣಮಟ್ಟ ಪರೀಕ್ಷೆಗೆ ಗುತ್ತಿಗೆದಾರನು ಸಿಮೆಂಟ್ ಹೆಚ್ಚು ಬೆರೆಸಿ ಪ್ರತ್ಯೇಕವಾಗಿ ಘನಗಳನ್ನು ಹಾಕಿಸಿದರೆ ವರದಿ ಉತ್ತಮವಾಗಿಯೇ ಬರುತ್ತದೆ. ರಸ್ತೆ ಮಾತ್ರ ಮೊದಲ ಮಳೆಗೆ ಕಿತ್ತುಹೋಗುತ್ತದೆ. ಅನುಕೂಲಸ್ಥರ ಮನೆಗಳನ್ನು ಮುಂದೊಡ್ಡಿದ ಸಮೀಕ್ಷೆಯ ಗತಿಯೂ ಅದೇ.

ಬೀಗ ಹಾಕಿದ ಮನೆಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅವು ಬಹುಪಾಲು ಕೂಲಿಗೆ ಹೋದವರ ಮನೆಗಳಾಗಿರುತ್ತವೆ. ಪೌಷ್ಟಿಕ ಆಹಾರದ ಕೊರತೆ ಹೆಚ್ಚಾಗಿರುವ ಸಂಭವವೂ ಅಲ್ಲಿಯೇ. ಅವರು ಕೈಬಿಟ್ಟು ಹೋದರೆ ಜಿಲ್ಲೆಯು ಇರುವುದಕ್ಕಿಂತ ಆರೋಗ್ಯವಾಗಿರುವಂತೆ ಕಾಣುತ್ತದೆ. ಈ ಕಾರಣಕ್ಕೆ ತಂಡವು ಅಂತಹ ಮನೆಗಳಿಗೆ ಮತ್ತೆ ಮತ್ತೆ ಭೇಟಿ ನೀಡುತ್ತದೆ.

3. ಪ್ರಶ್ನೆಗಳು ಮತ್ತು ತಪಾಸಣೆ

15ರಿಂದ 49 ವರ್ಷದ ಮಹಿಳೆಯರನ್ನು ಮಹಿಳಾ ಸಂದರ್ಶಕರೇ ಮಾತನಾಡಿಸುತ್ತಾರೆ. ಆಯ್ದ ಕೆಲವು ಮನೆಗಳಲ್ಲಿ ಮಾತ್ರ 15ರಿಂದ 54 ವರ್ಷದ ಪುರುಷರನ್ನು ಪ್ರಶ್ನಿಸಲಾಗುತ್ತದೆ. ಹೆರಿಗೆ, ಚುಚ್ಚುಮದ್ದು, ಕುಟುಂಬ ಯೋಜನೆ, ಕುಡಿಯುವ ನೀರು, ಶೌಚಾಲಯ ಮುಂತಾದ ವಿಷಯಗಳು ಪ್ರಶ್ನಾವಳಿಯಲ್ಲಿರುತ್ತವೆ. ಆರೋಗ್ಯ ತಪಾಸಕರು ಎತ್ತರ, ತೂಕ, ರಕ್ತದೊತ್ತಡ ಅಳೆಯುತ್ತಾರೆ. 5ನೇ ಸುತ್ತಿನಲ್ಲಿ ಬೆರಳ ತುದಿಯ ರಕ್ತದ ಹನಿಯಿಂದ ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಪ್ರಮಾಣ ನೋಡಲಾಯಿತು.

ಕೌಟುಂಬಿಕ ದೌರ್ಜನ್ಯದ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ, ಬೇರೆ ಯಾರೂ ಕೇಳಿಸಿಕೊಳ್ಳದಂತೆ ಕೇಳಲಾಗುತ್ತದೆ. ಅತ್ತೆ, ಗಂಡ ಅಥವಾ ಸದಸ್ಯರು ಬಳಿಯಿದ್ದರೆ ಆಕೆ ನಿಜ ಹೇಳಲಾರಳು. ಹೇಳಿದರೆ ತಂಡ ಹೋದ ಮೇಲೆ ತೊಂದರೆಗೆ ಸಿಲುಕಬಹುದು.

ಭಾಗವಹಿಸುವಿಕೆ ಸಂಪೂರ್ಣ ಐಚ್ಛಿಕ. ಸಂದರ್ಶನಕ್ಕೆ ಒಪ್ಪಿದವರು ರಕ್ತ ಪರೀಕ್ಷೆಯನ್ನು ನಿರಾಕರಿಸಬಹುದು. ಯಾವುದೇ ಒಂದು ಪ್ರಶ್ನೆಗೆ ಉತ್ತರಿಸದೆ ಇರಲೂಬಹುದು. ಮಕ್ಕಳ ಪರೀಕ್ಷೆಗೆ ಪೋಷಕರ ಒಪ್ಪಿಗೆ ಬೇಕು. ಪಡಿತರ ಚೀಟಿ ಅಥವಾ ಪಿಂಚಣಿಯ ಅರ್ಹತೆ ನಿರ್ಧರಿಸುವುದು ಈ ಸಮೀಕ್ಷೆಯ ಉದ್ದೇಶವಲ್ಲ. ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲ.

4. ಫಲಿತಾಂಶವು ತಿಳಿಸಿದ್ದೇನು?

ಕರ್ನಾಟಕದಲ್ಲಿ 4ನೇ ಮತ್ತು 5ನೇ ಸುತ್ತುಗಳ ನಡುವೆ ಪೂರ್ಣ ಲಸಿಕೆ ಪಡೆದ 12-23 ತಿಂಗಳ ಮಕ್ಕಳ ಪ್ರಮಾಣವು ಶೇ. 62.6ರಿಂದ ಶೇ. 84.1ಕ್ಕೆ ಏರಿತು. ಆಸ್ಪತ್ರೆ ಹೆರಿಗೆಗಳು ಶೇ. 97ಕ್ಕೆ ತಲುಪಿದವು. ಆದರೆ ಇದೇ ಅವಧಿಯಲ್ಲಿ 6-59 ತಿಂಗಳ ಮಕ್ಕಳಲ್ಲಿ ರಕ್ತಹೀನತೆಯು ಶೇ. 60.9ರಿಂದ ಶೇ. 65.5ಕ್ಕೆ ಹೆಚ್ಚಿತು. 18 ವರ್ಷಕ್ಕೆ ಮೊದಲೇ ವಿವಾಹವಾದ 20-24 ವಯಸ್ಸಿನ ಮಹಿಳೆಯರ ಪ್ರಮಾಣವು ಶೇ. 21.4 ಇದ್ದದ್ದು ಶೇ. 21.3 ಆಗಿ, ಬಹುತೇಕ ಅಲ್ಲಿಯೇ ನಿಂತಿತು.

ಲಸಿಕೆ ಮತ್ತು ಹೆರಿಗೆಯ ಲೆಕ್ಕವನ್ನು ಇಲಾಖೆಯ ದಾಖಲೆಯೂ ಹೇಳಬಲ್ಲದು. ಬಾಗಿಲಲ್ಲಿ ಆಡುತ್ತಿರುವ ಮಗುವಿನ ರಕ್ತಹೀನತೆಯನ್ನು ಹೇಳುವುದು ಆ ಒಂದು ಹನಿ ರಕ್ತ ಮಾತ್ರ.

ಈ ಅಂಕಿಗಳು ಜಿಲ್ಲೆಯ ಹಂತದವರೆಗೆ ಮಾತ್ರ ಅನ್ವಯಿಸುತ್ತವೆ. 22 ಮನೆಗಳ ಮಾಹಿತಿಯಿಂದ ಒಂದು ಗ್ರಾಮದ ಸ್ಥಿತಿಯನ್ನು ನಿರ್ಧರಿಸಲಾಗದು. ಜಿಲ್ಲೆಯ ಅಂಕಿಯನ್ನು ಎಚ್ಚರಿಕೆಯಾಗಿ ಸ್ವೀಕರಿಸಿ, ಅಂಗನವಾಡಿಯ ತೂಕದ ದಾಖಲೆ ಹಾಗೂ ಆಶಾ ಕಾರ್ಯಕರ್ತೆಯರ ಮಾಹಿತಿಯೊಂದಿಗೆ ಹೋಲಿಸಿ, ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೂಕ್ತ ಕಾಮಗಾರಿ ಮತ್ತು ಕಾರ್ಯಕ್ರಮಗಳನ್ನು ಸೇರಿಸುವುದು ಸರಿಯಾದ ಕ್ರಮ.

5. ಸದಸ್ಯರು ಗಮನಿಸಬೇಕಾದ ಅಂಶಗಳು

• ತಂಡವು ಬಂದ ಕೂಡಲೇ ಗುರುತಿನ ಚೀಟಿ ಮತ್ತು ಅಧಿಕೃತ ಪತ್ರವನ್ನು ಪರಿಶೀಲಿಸಿ, ಡಂಗುರ ಅಥವಾ ಧ್ವನಿವರ್ಧಕದ ಮೂಲಕ ಗ್ರಾಮಸ್ಥರಿಗೆ ತಿಳಿಸುವುದು.
• ತಾಂಡಾ, ಕಾಲೋನಿ ಮತ್ತು ತೋಟದ ಮನೆಗಳು ಪಟ್ಟಿಯಿಂದ ಬಿಟ್ಟುಹೋಗದಂತೆ ನಕ್ಷೆ ತಯಾರಿಕೆಯಲ್ಲಿ ನೆರವಾಗುವುದು.
• ಕೂಲಿಗೆ ಹೋದವರು ಮನೆಗೆ ಮರಳುವ ವೇಳೆಯನ್ನು ತಂಡಕ್ಕೆ ತಿಳಿಸುವುದು.
• ಮನೆಯವರೆಗೆ ದಾರಿ ತೋರಿಸಿ ಹಿಂದಿರುಗುವುದು. ಸಂದರ್ಶನದ ವೇಳೆ ಹಾಜರಿರಬಾರದು.
• ಉತ್ತರ ಹೇಳಿಕೊಡಬಾರದು, ಒಪ್ಪದವರನ್ನು ಒತ್ತಾಯಿಸಬಾರದು, ಯಾರು ಏನು ಹೇಳಿದರೆಂದು ನಂತರ ವಿಚಾರಿಸಬಾರದು.

ಗ್ರಾಮದ ಹೆಸರು ಕೆಡಬಾರದೆಂಬ ಕಾಳಜಿಯಿಂದ ಕೊರತೆಗಳನ್ನು ಮರೆಮಾಚುವುದುಂಟು. ಸಮೀಕ್ಷೆಯಲ್ಲಿ ಗ್ರಾಮದ ಹೆಸರು ಪ್ರಕಟವಾಗುವುದಿಲ್ಲ. ಮರೆಮಾಚಿದ ಕೊರತೆ ಮಾತ್ರ ಗ್ರಾಮದಲ್ಲಿಯೇ ಉಳಿಯುತ್ತದೆ. ಇದನ್ನು ಸದಸ್ಯರು ತಮ್ಮ ವಾರ್ಡಿನ ಜನರಿಗೆ ಮನವರಿಕೆ ಮಾಡಿಕೊಡುವುದು.