ಆನೆಯ ದಾರಿ, ಊರಿನ ಬೇಲಿ

ನಮ್ಮ ನಿಘಂಟುಗಳಲ್ಲಿ ಆನೆಗೆ ಹೆಸರುಗಳು ಬಹಳ. ಕೈಯುಳ್ಳದ್ದು ಹಸ್ತಿ, ಕೊಂಬುಳ್ಳದ್ದು ದಂತಿ, ಸೊಂಡಿಲಿನಿಂದ ಒಮ್ಮೆ, ಬಾಯಿಂದ ಮತ್ತೊಮ್ಮೆ, ಹೀಗೆ ಎರಡು ಸಲ ಕುಡಿಯುವುದರಿಂದ ದ್ವಿಪ. ಹೆಸರಿಟ್ಟ ಹಿರಿಯರು ಆ ಪ್ರಾಣಿಯನ್ನು ಚೆನ್ನಾಗಿ ಕಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಇಂದಿನ ಪತ್ರಿಕೆಗಳಲ್ಲಾದರೋ ಅದಕ್ಕೆ ಹೆಚ್ಚಾಗಿ ದೊರೆಯುವ ಬಿರುದು ‘ಪುಂಡಾನೆ’. ಆನೆ ಊರಿಗೆ ನುಗ್ಗುವುದು ಬರಿಯ ಪುಂಡತನದಿಂದಲೇ? ಸ್ವಲ್ಪ ವಿಚಾರ ಮಾಡೋಣ.

ಬೆಳೆದ ಆನೆಗೆ ದಿನವೊಂದಕ್ಕೆ ಸುಮಾರು ೧೫೦ ಕಿಲೋಗ್ರಾಂ ಮೇವೂ ನೂರು ಲೀಟರಿಗೆ ಕಡಮೆಯಿಲ್ಲದಷ್ಟು ನೀರೂ ಬೇಕು. ಒಂದೇ ಕಡೆ ನಿಂತು ಮೇದರೆ ಯಾವ ಕಾಡು ತಾನೇ ತಡೆದೀತು? ಆದುದರಿಂದ ಆನೆಯ ಹಿಂಡು ಋತುವನ್ನನುಸರಿಸಿ ನಡೆಯುತ್ತಲೇ ಇರಬೇಕು. ಬೇಸಗೆಯಲ್ಲಿ ನೀರೆಲ್ಲಿ, ಮಳೆ ಬಿದ್ದ ಮೇಲೆ ಹುಲ್ಲೆಲ್ಲಿ ಎಂಬುದು ಹಿಂಡಿನ ಹಿರಿಯ ಹೆಣ್ಣಾನೆಗೆ ನೆನಪಿರುತ್ತದೆ. ಅದರ ಹಿಂದೆ ನಡೆದು ಮರಿಗಳೂ ದಾರಿಯನ್ನು ಕಲಿಯುತ್ತವೆ. ಕಾಡಿನಿಂದ ಕಾಡಿಗೆ ಹೋಗುವ ಇಂಥ ದಾರಿಯೇ ಆನೆಗೆ ಜೀವನಾಡಿ.

ಈ ನಾಡಿಯನ್ನು ನಾವು ಅನೇಕ ಕಡೆ ಕತ್ತರಿಸಿದ್ದೇವೆ. ೧೯೭೧ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡಿನ ಬಹುಭಾಗ ಮುಂದೆ ಕಬಿನಿ ಜಲಾಶಯದಲ್ಲಿ ಮುಳುಗಿತು. ಬೇರೆ ಕಡೆ ರಸ್ತೆ, ನಾಲೆ, ಕಾಫಿಯ ತೋಟ, ಶುಂಠಿಯ ಹೊಲಗಳು ಅಡ್ಡ ಬಂದವು. ಆಲೂರು, ಸಕಲೇಶಪುರಗಳ ಕಡೆ ಕಾಡು ಚೂರುಚೂರಾಗಿ ಉಳಿದಿದೆ. ಆನೆಗಳು ಹಗಲು ಕಾಫಿಯ ತೋಟದ ನೆರಳಿನಲ್ಲಿದ್ದು ರಾತ್ರಿ ಗದ್ದೆಗೆ ಇಳಿಯುತ್ತವೆ.

ಅಲ್ಲಿಯ ರೈತನ ಪಾಡನ್ನು ಪಟ್ಟಣದಲ್ಲಿರುವ ನಾವು ಊಹಿಸಿಕೊಳ್ಳಬೇಕು. ಭತ್ತ ತೆನೆಗಟ್ಟಿ ನಿಂತಾಗ ಒಂದು ಹಿಂಡು ಬಂದುಹೋದರೆ ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಹೋಯಿತು. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಬೆಳಗಿನ ಜಾವ ತೋಟದ ಕೆಲಸಕ್ಕೆ ಹೊರಟವನು ಮರಳಿ ಬಾರದ ಮನೆಯಲ್ಲಿ ಗಜೇಂದ್ರನ ಮಹಿಮೆಯನ್ನು ಹೇಳಿದರೆ ಯಾರು ಕೇಳಿಯಾರು?

ಹಾಗಾದರೆ ಹಿಡಿದು ಸಾಗಿಸಬಾರದೆ? ಅದೂ ನಡೆದಿದೆ. ೨೦೧೪ರ ಸುಮಾರಿನಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಆದರೂ ಹಾವಳಿ ನಿಲ್ಲಲಿಲ್ಲ. ಬೇರೆ ಆನೆಗಳು ಇದ್ದೇ ಇದ್ದವು. ಎಂಟು ಸಲ ದಸರೆಯ ಅಂಬಾರಿ ಹೊತ್ತ ಅರ್ಜುನನು ೨೦೨೩ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಮಡಿದುದು ಇಂಥದೇ ಒಂದು ಕಾರ್ಯಾಚರಣೆಯಲ್ಲಿ, ಕಾಡಾನೆಯೊಡನೆ ಸೆಣಸುತ್ತ.

೨೦೧೨ರಲ್ಲಿ ಪ್ರೊಫೆಸರ್ ರಾಮನ್ ಸುಕುಮಾರ್ ಅವರ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ ವರದಿಯೊಂದನ್ನು ಕೊಟ್ಟಿತು. ಅದರ ಸಾರವಿಷ್ಟು: ಎಲ್ಲ ನೆಲಕ್ಕೂ ಒಂದೇ ಮದ್ದಲ್ಲ. ದೊಡ್ಡ ಕಾಡುಗಳಲ್ಲಿ ಆನೆಯ ರಕ್ಷಣೆಯೇ ಮೊದಲು. ಜನವೂ ಆನೆಯೂ ಕೂಡಿರುವಲ್ಲಿ ಎರಡಕ್ಕೂ ಹೊಂದುವ ಸಹಬಾಳ್ವೆ. ಆನೆ ಬಾಳಲಾಗದಷ್ಟು ಜನನಿಬಿಡವಾದ ಕಡೆ ಮಾತ್ರ ಅದನ್ನು ತೆರವುಗೊಳಿಸುವುದು.

ಕಾಡನ್ನು ಮರಳಿ ಆನೆಗೆ ಒಗ್ಗಿಸುವ ಕೆಲಸ ಎರಡು ಬಗೆಯದು. ಮೊದಲನೆಯದು ದಾರಿ ಬಿಡಿಸುವುದು. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಸುಮಾರು ೨೫ ಎಕರೆ ಖಾಸಗಿ ಜಮೀನನ್ನು ಕ್ರಯಕ್ಕೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿತು. ಎಕರೆ ಸ್ವಲ್ಪವೇ, ಆದರೆ ಅದು ಕೂಡಿಸುವ ಕಾಡು ದೊಡ್ಡದು.

ಎರಡನೆಯದು ಮೇವು. ಅಲಂಕಾರಕ್ಕೆಂದು ಪರದೇಶದಿಂದ ಬಂದ ಲಂಟಾನ ಗಿಡ ನಮ್ಮ ಕಾಡಿನೊಳಗೆಲ್ಲ ಹಬ್ಬಿ ಹುಲ್ಲನ್ನು ಅಡಗಿಸಿದೆ. ಅದನ್ನು ಮೇಲೆ ಸವರಿದರೆ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತದೆ. ನೆಲದೊಳಗೆ ಬುಡವನ್ನೇ ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಿಸಿ, ಆ ಜಾಗದಲ್ಲಿ ನಾಡಹುಲ್ಲನ್ನು ಬೆಳೆಸಬೇಕು. ಹಕ್ಕಿಗಳು ಬೀಜ ತಂದು ಹಾಕುವುದರಿಂದ ಕೆಲವು ವರ್ಷ ಮೇಲ್ವಿಚಾರಣೆಯೂ ಬೇಕು.

ಇವು ಫಲಿಸುವತನಕ ಜನರ ಜೀವ ಕಾಯುವುದು ಹೇಗೆ? ಹಳೆಯ ರೈಲುಕಂಬಿಗಳ ಬೇಲಿ ಕೆಲವೆಡೆ ನೆರವಾಗಿದೆ; ಆದರೆ ಬೇಲಿಯೇ ಆನೆಯ ದಾರಿಗೆ ಅಡ್ಡವಾದರೆ ಹಿಂಡು ಪಕ್ಕದೂರಿಗೆ ತಿರುಗುತ್ತದೆ. ಅದಕ್ಕಿಂತ ಮಿಗಿಲಾದುದು ಮುನ್ಸೂಚನೆ. ಎಷ್ಟೋ ಸಾವುಗಳು ಸಂಭವಿಸುವುದು ಮಬ್ಬುಗತ್ತಲೆಯಲ್ಲಿ ಆನೆ ಇರುವುದೇ ತಿಳಿಯದೆ ಎದುರಾಗುವುದರಿಂದ. ತಮಿಳುನಾಡಿನ ವಾಲ್ಪಾರೆಯಲ್ಲಿ ಆನೆ ಬಂದ ಸುದ್ದಿಯನ್ನು ಮೊಬೈಲ್ ಸಂದೇಶದಿಂದಲೂ ಕಂಬದ ಮೇಲಿನ ಕೆಂಪು ದೀಪದಿಂದಲೂ ಜನರಿಗೆ ಮುಟ್ಟಿಸುವ ಏರ್ಪಾಡಾಯಿತು. ಹಾಸನದ ಕಡೆಯೂ ಈ ಕ್ರಮ ಬಂದಿದೆ. ಇದರ ಜೊತೆಗೆ ಬೆಳೆನಷ್ಟದ ಪರಿಹಾರವು ರೈತನನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ ಕೈಸೇರಬೇಕು. ತಡವಾದ ಪರಿಹಾರವು ಬೇಲಿಗೆ ಕಳ್ಳ ವಿದ್ಯುತ್ತು ಹಾಯಿಸುವ ದುರ್ಬುದ್ಧಿಗೆ ದಾರಿ ಮಾಡುತ್ತದೆ.

೨೦೨೩ರ ಗಣತಿಯ ಅಂದಾಜಿನಂತೆ ಕರ್ನಾಟಕದ ಕಾಡಾನೆಗಳು ೬,೩೯೫. ಭಾರತದ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಇದು ನಾಡಿಗೆಲ್ಲ ಹೆಮ್ಮೆಯಾದರೆ ಅದರ ಭಾರವನ್ನು ಕಾಡಂಚಿನ ಹಳ್ಳಿಗಳೇ ಏಕೆ ಹೊರಬೇಕು? ೨೦೦೯ರಲ್ಲಿ ಬಂಡೀಪುರದ ಹೆದ್ದಾರಿಗೆ ರಾತ್ರಿ ಸಂಚಾರದ ನಿಷೇಧ ಬಂದಾಗ ಅನನುಕೂಲವೆಂದು ಗೊಣಗಿದವರುಂಟು. ಇಂಥ ಸಣ್ಣ ತೊಂದರೆಯನ್ನು ಸಹಿಸುವುದೂ, ಆನೆದಾರಿಯಲ್ಲಿ ಕಟ್ಟಿದ ವಿಹಾರಗೃಹದಲ್ಲಿ ತಂಗದಿರುವುದೂ, ರೈತನ ಪರಿಹಾರಕ್ಕೆ ದನಿಗೂಡಿಸುವುದೂ ಪಟ್ಟಣಿಗರಾದ ನಮ್ಮಿಂದ ಆಗಬಹುದಾದ ಕೆಲಸ. ಆನೆಗೆ ನಡೆಯಲು ದಾರಿ ಸಿಕ್ಕಿದರೆ ರೈತನಿಗೆ ರಾತ್ರಿ ನಿದ್ದೆಯೂ ಸಿಕ್ಕೀತು.